ಆರ್ಕಿಡ್ ಕುಂಡಕ್ಕೆ ನಾನು ತುಂಬುವುದು ಏನು?

ಆರ್ಕಿಡ್‌ಗೆ ಎಂಥ ಮಣ್ಣು ಹಾಕ್ತೀರಿ ಎಂದು ಯಾರಾದರೂ ಕೇಳಿದರೆ, ಮಣ್ಣೇ ಹಾಕಲ್ಲ ಎನ್ನುತ್ತೇನೆ. ಮನೆಯಲ್ಲಿ ಸಾಮಾನ್ಯವಾಗಿ ಬೆಳೆಸುವ ಫೆಲನಾಪ್ಸಿಸ್, ಡೆಂಡ್ರೋಬಿಯಂ, ಕ್ಯಾಟ್ಲಿಯಾಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಮರದ ಕೊಂಬೆ ಹಿಡಿದು ಬದುಕುವಂಥವು. ಮಳೆಗೆ ನೆನೆದ ಬೇರು ಗಾಳಿಗೆ ಬೇಗ ಆರುತ್ತದೆ. ಬೇರಿನ ಸುತ್ತ ವೆಲಾಮೆನ್ ಎಂಬ ಪದರ ಇರುತ್ತದೆ. ಒಣಗಿದಾಗ ಅದು ಬೂದು ಬಿಳುಪು, ನೀರು ಬಿದ್ದ ಸ್ವಲ್ಪ ಹೊತ್ತಿಗೇ ಹಸಿರು. ಇಂಥ ಬೇರನ್ನು ಗಾಳಿಯಾಡದ ಒದ್ದೆ ಮಣ್ಣಲ್ಲಿ ಹೂತರೆ ಕೊಳೆಯದೆ ಇನ್ನೇನಾಗುತ್ತದೆ?

ಹಾಗಾಗಿ ಮಿಶ್ರಣ ಮಾಡುವಾಗ ನಾನು ಮೊದಲು ನೋಡುವುದು ಗಿಡವನ್ನಲ್ಲ, ನನ್ನ ಕೈಯನ್ನು. ನೀರು ಹಾಕುವುದರಲ್ಲಿ ನನ್ನ ಕೈ ಸ್ವಲ್ಪ ಮುಂದು. ಸುಮ್ನೆ ಹೋಗಿ ಒಂದು ಚೊಂಬು ಸುರಿದು ಬರುವ ಅಭ್ಯಾಸ. ಅದಕ್ಕೇ ನನ್ನ ಕುಂಡಗಳಲ್ಲಿ ದಪ್ಪ ತುಂಡುಗಳೇ ಜಾಸ್ತಿ. ನೀರು ಹಾಕಲು ಮರೆಯುವವರು ಇದನ್ನೇ ನಕಲು ಮಾಡಿದರೆ ಗಿಡ ಬಾಡುತ್ತದೆ. ಅಂಥವರಿಗೆ ತೇವ ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿ ಸರಿ. ಪಾಚಿಯನ್ನು ಒತ್ತಿ ತುರುಕಬಾರದು ಅಷ್ಟೆ.

ನನ್ನ ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ಪೈನ್ ತೊಗಟೆ. ಉಳಿದದ್ದು ಇದ್ದಿಲು, ತೆಂಗಿನಕಾಯಿ ಸಿಪ್ಪೆಯ ತುಂಡು, ಒಂದು ಹಿಡಿ ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲಿನ ಹರಳು. ಪರ್ಲೈಟ್ ಚೀಲ ಬಿಚ್ಚಿದ ಕೂಡಲೇ ನೀರು ಚಿಮುಕಿಸುತ್ತೇನೆ, ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಇದ್ದಿಲು ಕಟ್ಟಿಗೆಯದ್ದೇ ಆಗಬೇಕು. ಪುಡಿ ಒತ್ತಿ ಮಾಡಿದ ಉಂಡೆಗಳಲ್ಲಿ ಅಂಟು, ಇನ್ನೇನೇನೋ ಸೇರಿರುತ್ತದೆ.

ತೊಗಟೆಯನ್ನು ಮೊದಲು ಜರಡಿ ಹಿಡಿಯುತ್ತೇನೆ. ಪುಡಿ ಉಳಿದರೆ ಅದು ತುಂಡುಗಳ ನಡುವಿನ ಸಂದು ಮುಚ್ಚಿ ಗಾಳಿಯ ದಾರಿ ಕಟ್ಟುತ್ತದೆ. ಆಮೇಲೆ ಬಕೆಟ್‌ನಲ್ಲಿ ಒಂದು ದಿನ ನೆನೆಹಾಕುತ್ತೇನೆ. ಒಣ ತೊಗಟೆ ಬೇಗ ನೀರು ಕುಡಿಯುವುದಿಲ್ಲ, ಹಾಕಿದ್ದೆಲ್ಲ ಮೇಲಿಂದಲೇ ಜಾರಿ ಕೆಳಗೆ ಇಳಿದುಬಿಡುತ್ತದೆ. ಮೊದಲು ಎಲ್ಲವೂ ತೇಲುತ್ತದೆ, ಮೇಲೆ ಒಂದು ತಟ್ಟೆ ಮುಚ್ಚಿ ಭಾರ ಇಡಬೇಕು.

ನಿಜವಾದ ಕೆಲಸ ಇರುವುದು ತೆಂಗಿನ ಸಿಪ್ಪೆಯಲ್ಲಿ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪು ಇರುತ್ತದೆ. ಹಾಗೇ ಹಾಕಿದರೆ ಎಳೆ ಬೇರಿನ ತುದಿ ಕಪ್ಪಾಗುತ್ತದೆ. ನೆನೆಹಾಕಿದ ಮೊದಲ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಚೆಲ್ಲಿ ಮತ್ತೆ ನೀರು ಹಾಕಿ, ಮತ್ತೆ ಚೆಲ್ಲಿ, ಬಣ್ಣ ತಿಳಿಯಾಗುವವರೆಗೆ ಬಿಡುವುದಿಲ್ಲ. ಆದರೆ ಬಣ್ಣ ಹೋಯಿತೆಂದರೆ ಉಪ್ಪು ಹೋಯಿತು ಎಂದಲ್ಲ. ಸಿಪ್ಪೆಗೆ ಅಂಟಿಕೊಂಡ ಸೋಡಿಯಂ ಬರೀ ನೀರಿಗೆ ಪೂರ್ತಿ ಬಿಡುವುದಿಲ್ಲ. ಅದಕ್ಕೆ ಲೀಟರ್ ನೀರಿಗೆ ಒಂದೆರಡು ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಎಂಬ ಗೊಬ್ಬರ ಕರಗಿಸಿ ರಾತ್ರಿಯಿಡೀ ನೆನೆಸಿಡುತ್ತೇನೆ. ಕ್ಯಾಲ್ಸಿಯಂ ಒಳಗೆ ಸೇರಿ ಸೋಡಿಯಂ ಹೊರಗೆ ಬರುತ್ತದೆ. ಬೆಳಿಗ್ಗೆ ಎರಡು ಸಲ ತೊಳೆದರೆ ಆಯಿತು. ಇಷ್ಟೆಲ್ಲ ಪುರುಸೊತ್ತಿಲ್ಲ ಎನ್ನುವವರು ಸಿಪ್ಪೆಯ ಸಹವಾಸವನ್ನೇ ಬಿಟ್ಟು ತೊಗಟೆ, ಇದ್ದಿಲಷ್ಟೇ ಹಾಕಲಿ. ಗಿಡವೇನೂ ಬೇಜಾರು ಮಾಡಿಕೊಳ್ಳಲ್ಲ.

ಎಲ್ಲಾ ಗಿಡಕ್ಕೂ ಒಂದೇ ಅಳತೆ ನಡೆಯುವುದಿಲ್ಲ. ಸಣ್ಣ ಬೇರಿನ ಆನ್ಸಿಡಿಯಂಗೆ ಐದಾರು ಮಿಲಿಮೀಟರಿನ ತುಂಡು, ಫೆಲನಾಪ್ಸಿಸ್‌ಗೆ ಒಂದು ಸೆಂಟಿಮೀಟರಿನ ಆಸುಪಾಸು, ದೊಡ್ಡ ಕ್ಯಾಟ್ಲಿಯಾಗೆ ಇನ್ನೂ ದಪ್ಪ. ಕ್ಯಾಟ್ಲಿಯಾ ತನ್ನ ಉಬ್ಬಿದ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಕುಂಡ ಪೂರ್ತಿ ಒಣಗಿದರೂ ತಡೆಯುತ್ತದೆ. ಫೆಲನಾಪ್ಸಿಸ್‌ಗೆ ಆ ಕಾಂಡವಿಲ್ಲ, ಅದಕ್ಕೇ ಅದರ ಕುಂಡಕ್ಕೆ ತೇವ ಹಿಡಿಯುವ ಸಿಪ್ಪೆ ಸ್ವಲ್ಪ ಹೆಚ್ಚು. ವಾಂಡಾಗೆ ಬುಟ್ಟಿಯೊಂದಿದ್ದರೆ ಸಾಕು, ಏನೂ ತುಂಬುವುದಿಲ್ಲ.

ಕುಂಡ ಬದಲಿಸುವುದು ಹೊಸ ಬೇರು ಚಿಗುರುವಾಗ. ತುಂಬುವಾಗ ಕುಂಡದ ಪಕ್ಕಕ್ಕೆ ತಟ್ಟಿ ತಟ್ಟಿ ತುಂಡುಗಳನ್ನು ಇಳಿಸುತ್ತೇನೆ, ಬೆರಳಿನಿಂದ ಒತ್ತುವುದಿಲ್ಲ. ಗಿಡ ಅಲುಗಾಡಿದರೆ ಕಡ್ಡಿಗೆ ಕಟ್ಟುತ್ತೇನೆ, ಅಲುಗಾಡುವ ಗಿಡದ ಎಳೆ ಬೇರು ಉಜ್ಜಿ ಹಾಳಾಗುತ್ತದೆ. ನೀರು ಹಾಕಿದ ಮೇಲೆ ಕುಂಡವನ್ನು ಒಮ್ಮೆ ಎತ್ತಿ ನೋಡಿ ತೂಕ ಅಂದಾಜು ಮಾಡಿಕೊಳ್ಳುತ್ತೇನೆ. ಮುಂದೆ ಎತ್ತಿದಾಗ ಹಗುರ ಎನಿಸಿದರೆ ಮಾತ್ರ ಮತ್ತೆ ನೀರು.

ತೊಗಟೆ ಎರಡು ವರ್ಷದ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಬೆರಳಲ್ಲಿ ಹಿಚುಕಿದರೆ ಪುಡಿಯಾಗುವಂತಿದ್ದರೆ, ಗಿಡ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸುತ್ತೇನೆ. ತೆಗೆದ ಹಳೆಯದು ಬೇರೆ ಹೂಗಿಡಗಳ ಬುಡಕ್ಕೆ ಹೋಗುತ್ತದೆ, ಇನ್ನೊಂದು ಆರ್ಕಿಡ್‌ಗಂತೂ ಅಲ್ಲ.