ಪರಮಾಣು ಪಾಠ: ಮೊದಲು ಕತ್ತರಿ, ಆಮೇಲೆ ವ್ಯಾಖ್ಯೆ

ಆರು, ಏಳನೇ ತರಗತಿಯ ಮಕ್ಕಳಿಗೆ ನಾನು ಪರಮಾಣು ಪಾಠವನ್ನು ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. 28 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿ, ಒಂದು ಕತ್ತರಿ ಕೊಡುತ್ತೇನೆ. ಪಟ್ಟಿಯನ್ನು ಅರ್ಧ ಮಾಡಬೇಕು, ಆ ಅರ್ಧವನ್ನು ಮತ್ತೆ ಅರ್ಧ. ಏಳೆಂಟು ಸಲಕ್ಕೆ ಕತ್ತರಿ ಸೋಲುತ್ತದೆ. ಪರಮಾಣುವಿನ ಗಾತ್ರಕ್ಕೆ ಇಳಿಯಲು ಸುಮಾರು 31 ಸಲ ಬೇಕು ಅಂದಾಗ ತರಗತಿ ಸುಮ್ಮನಾಗುತ್ತದೆ. ಆ ಮೌನವನ್ನು ಕೆಡಿಸಬೇಡಿ.

ಧಾತುವಿಗೆ ಜಾಸ್ತಿ ಹೊತ್ತು ಬೇಡ. ಒಂದೇ ಬಗೆಯ ಪರಮಾಣುಗಳಿಂದಾದ ವಸ್ತು ಧಾತು. ಈವರೆಗೆ ಗೊತ್ತಿರುವುದು 118. ಚಿನ್ನ, ತಾಮ್ರ, ಕಬ್ಬಿಣ ಹೆಸರಿಸಿದರೆ ಸಾಕು.

ಹೊತ್ತು ಕೊಡಬೇಕಾದ್ದು ಅಣುವಿಗೆ, ಅಂದರೆ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡ ಗುಂಪಿಗೆ. ಅಣು, ಪರಮಾಣು ಎರಡೂ ಕಿವಿಗೆ ಒಂದೇ ಥರ ಕೇಳಿಸುತ್ತವೆ, ಅಲ್ವಾ? ಅದಕ್ಕೇ ಬಣ್ಣದ ಜೇಡಿಮಣ್ಣು ತನ್ನಿ. ಆಕ್ಸಿಜನ್‌ಗೆ ಕೆಂಪು ಉಂಡೆ, ಹೈಡ್ರೋಜನ್‌ಗೆ ಬಿಳಿ. ಒಂದು ಕೆಂಪಿಗೆ ಎರಡು ಬಿಳಿ ಅಂಟಿಸಿದರೆ ನೀರಿನ ಅಣು. ನೇರ ಸಾಲಿನಲ್ಲಿ ಅಲ್ಲ, ಅಗಲವಾದ ವಿ ಆಕಾರದಲ್ಲಿ ಅಂಟಿಸಿ. ಎರಡು ಕೆಂಪು, ಎರಡು ಬಿಳಿ ಆದರೆ ಅದು ಹೈಡ್ರೋಜನ್ ಪೆರಾಕ್ಸೈಡ್, ಕುಡಿಯುವಂತಿಲ್ಲ! ಒಂದೇ ಒಂದು ಉಂಡೆಯ ವ್ಯತ್ಯಾಸ. ಇದನ್ನು ಮಕ್ಕಳು ಮರೆಯುವುದಿಲ್ಲ.

ಆಮೇಲೆ ಬರೀ ಎರಡು ಕೆಂಪು ಉಂಡೆ ಜೋಡಿಸಿ, "ಇದು ಧಾತುವೋ, ಅಣುವೋ?" ಎಂದು ಕೇಳಿ. ಆಕ್ಸಿಜನ್ ಧಾತು, ಈ ಜೋಡಿ ಅದರ ಅಣು. ತಕ್ಷಣ ಹೇಳಿಬಿಡಬೇಡಿ, ಅವರೇ ವಾದ ಮಾಡಿ ಕಂಡುಕೊಳ್ಳಲಿ.