ಅವೆನ್ಯೂ ರೋಡಿನ ಗೈಡಿನಲ್ಲಿ ವಿಕಿಪೀಡಿಯದ ಹೆಸರು ಬಂತು

"ಪುಕ್ಕಟೆ ಕೊಟ್ಟಿದ್ದಕ್ಕೆ ಲೆಕ್ಕ ಕೇಳ್ತೀಯಾ ಮಾರಾಯ?" ಅಂತ ನಕ್ಕವರೆಲ್ಲ ಕನ್ನಡ ವಿಕಿಪೀಡಿಯದಲ್ಲಿ ನನ್ನ ಜೊತೆಗೇ ಬರೆಯುವವರು. ಈಗ ನನ್ನ ಲೇಖನವನ್ನು ಮೂಲ ಹೇಳದೆ ಅಚ್ಚು ಹಾಕಿದ್ದ ಗೈಡಿನ ಹೊಸ ಮುದ್ರಣ ನನ್ನ ಮೇಜಿನ ಮೇಲಿದೆ. ಬೇಗೂರಿನ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಲೇಖನದ ಕೊಂಡಿ, ಲೈಸೆನ್ಸಿನ ಹೆಸರು ಎರಡೂ ಇವೆ. ನಕ್ಕವರಿಗೆ ಫೋಟೋ ಕಳಿಸಿಯಾಯಿತು.

ಅದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಗೈಡು. ಬೇಗೂರು ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನ ಇದೆಯಲ್ಲ, 'ಬೆಂಗಳೂರು ಕಾಳಗ'ದ ಪ್ರಸ್ತಾಪ ಇರುವಂಥದ್ದು, ಅದರ ಬಗ್ಗೆ ನಾನು ಬರೆದಿದ್ದ ನಾಲ್ಕು ಪ್ಯಾರಾ ಹಾಗೇ ಇಳಿಸಿದ್ದರು. ಹಾಗೇ ಅಂದರೆ ಹಾಗೇ. [3], [4] ಅನ್ನುವ ಅಡಿಟಿಪ್ಪಣಿ ಸಂಖ್ಯೆಗಳೂ ಅಚ್ಚಾಗಿದ್ದವು, ಅಡಿಟಿಪ್ಪಣಿ ಮಾತ್ರ ಎಲ್ಲೂ ಇಲ್ಲ! ಅದರ ಮೇಲೆ ಎರಡನೇ ಪುಟದಲ್ಲಿ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಬೇರೆ. ನನಗೆ ಉರಿದದ್ದು ಅದಕ್ಕೇ. ಮಾರಿಕೊಂಡಿದ್ದಕ್ಕಲ್ಲ. ಮಾರಲಿ, ವಿಕಿಪೀಡಿಯದ ಲೈಸೆನ್ಸ್ ಸಿಸಿ ಬಿವೈ-ಎಸ್ಎ (ಹೆಸರು ಹಾಕಿ, ಅದೇ ಲೈಸೆನ್ಸಿನಲ್ಲಿ ಹಂಚಿ ಅನ್ನುವಂಥದ್ದು) ಅದಕ್ಕೆ ಬೇಡ ಅನ್ನಲ್ಲ. 890 ಅನ್ನುವ ಇಸವಿ ಕೂಡ ಯಾರಪ್ಪನ ಆಸ್ತಿಯೂ ಅಲ್ಲ. ವಾಕ್ಯಗಳು ನನ್ನವು, ಅಷ್ಟೇ.

ಇದಕ್ಕೂ ಮೊದಲು ಹೀಗೇ ನಕಲು ಮಾಡಿದ ವೆಬ್‌ಸೈಟುಗಳ ಜೊತೆ ಸುಮಾರು ಎರಡು ವರ್ಷ ಗುದ್ದಾಡಿದ್ದೆ. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್‌ಗೆ ಬರೆದರೆ ಉಪಯೋಗ ಇಲ್ಲ, ಬರಹದ ಹಕ್ಕು ಬರೆದವರದು, ಅವರದಲ್ಲ. ಆಮೇಲೆ ಕಾನೂನಿನ ಭಾಷೆಯಲ್ಲಿ ಹೆದರಿಸಿ ಬರೆದೆ. ಹೆದರಿದರು ನಿಜ, ಪುಟ ತೆಗೆದರು, ಸ್ವಲ್ಪ ದಿನಕ್ಕೆ ಅದೇ ಬರಹ ಬೇರೆ ಡೊಮೇನಿನಲ್ಲಿ ಹಾಜರ್. ಆ ಸೈಟುಗಳಿಗೆ ಸರ್ವರಿನಲ್ಲಿ ಜಾಗ ಕೊಡುವ ಹೋಸ್ಟಿಂಗ್‌ನವರಿಗೆ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮ ತೋರಿಸಿದೆ. 36 ಗಂಟೆಯೊಳಗೆ ಕೊಂಡಿ ಮುಚ್ಚಬೇಕು, ಸರಿ. ಆದರೆ 21 ದಿನದೊಳಗೆ ನಾವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ವಕೀಲರೊಬ್ಬರು ಬರೀ ನೋಟಿಸಿಗೇ ಏಳೆಂಟು ಸಾವಿರ ಅಂದರು. ಕೋರ್ಟ್ ಖರ್ಚು ಕೇಳುವ ಧೈರ್ಯ ಬರಲಿಲ್ಲ.

ಗೈಡಿನ ವಿಷಯದಲ್ಲಿ ದಾರಿ ಬದಲಿಸಿದೆ. 'ತೆಗೆಯಿರಿ' ಅನ್ನಲಿಲ್ಲ, 'ಇಟ್ಟುಕೊಳ್ಳಿ, ಈ ಸಾಲು ಸೇರಿಸಿ' ಅಂದೆ. ಸೇರಿಸಬೇಕಾದ ಸಾಲನ್ನು ನಾನೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಅವರ ಪುಟದ ಅಗಲಕ್ಕೆ ಸರಿಯಾಗಿ ಕೂರುವಂತೆ ಕೊಟ್ಟೆ. ಡಿಟಿಪಿ ಮಾಡುವವರಿಗೆ ಎರಡು ನಿಮಿಷದ ಕೆಲಸ. ಜೊತೆಗೆ ಯಾರು ಯಾವಾಗ ಏನು ಬರೆದರು ಅಂತ ತೋರಿಸುವ ವಿಕಿಪೀಡಿಯ ಪುಟದ ಇತಿಹಾಸದ ಪ್ರಿಂಟ್, ನನ್ನ ಸಂಪಾದನೆಗಳಿಗೆ ಹಳದಿ ಗೆರೆ. ಆ ಲೇಖನದಲ್ಲಿ ಬೇರೆಯವರೂ ಕೈಯಾಡಿಸಿದ್ದಾರೆ, ಅವರ ಪರವಾಗಿ ನಾನು ಮಾತಾಡಲಿಲ್ಲ. ಇಡೀ ಗೈಡು ಸಿಸಿ ಆಗಿಬಿಡುತ್ತದೆ ಅಂತಲೂ ಹೆದರಿಸಲಿಲ್ಲ, ಆ ಭಾಗಕ್ಕೆ ಮಾತ್ರ ಅಂತ ಬಿಡಿಸಿ ಬರೆದೆ. ಗಡುವು 30 ದಿನ. ವಿಕಿಪೀಡಿಯ 2023ರ ಜೂನ್‌ನಲ್ಲಿ ಈ ಲೈಸೆನ್ಸಿನ 4.0 ಆವೃತ್ತಿಗೆ ಬಂತಲ್ಲ, ಅದರಲ್ಲಿ ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ತಪ್ಪಿನಿಂದ ರದ್ದಾದ ಲೈಸೆನ್ಸ್ ತಾನಾಗಿ ವಾಪಸ್ ಸಿಗುತ್ತದೆ. ನನ್ನ ಪ್ಯಾರಾಗಳು 3.0ರ ಕಾಲದವು, ಅದರಲ್ಲಿ ಈ ಸೌಲಭ್ಯ ಇಲ್ಲ, ಆದರೂ ನಾನಾಗಿ ಕೊಟ್ಟೆ. ಪತ್ರ ಯಾರ ಕೈಗೆ ಸೇರಬೇಕು ಅನ್ನುವುದು ಇಲ್ಲಿ ದೊಡ್ಡ ವಿಷಯ. ಅದನ್ನು ಹೇಗೆ ಪತ್ತೆ ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ವಾರ ಕಳೆದ ಮೇಲೆ ಪ್ರಕಾಶಕರ ಫೋನ್. "ಏನ್ ಸಾರ್, ವಿಕಿಪೀಡಿಯ ಫ್ರೀ ಅಲ್ವಾ?" "ಫ್ರೀನೇ ಸಾರ್, ಹೆಸರು ಹಾಕಿದರೆ ಫ್ರೀ." ಎರಡು ಸಾವಿರ ಕೊಡುತ್ತೇನೆ, ಇಲ್ಲಿಗೆ ಬಿಡಿ ಅಂದರು. ಬೇಡ ಅಂದೆ. ಗೆಳೆಯನೊಬ್ಬ ಹತ್ತು ಸಾವಿರ ಕೇಳು ಅಂದಿದ್ದ, ಅವನಿಗೂ ಬೈದೆ. ಹೆಸರು ಬಿಟ್ಟವರನ್ನು ಹಿಡಿದು ದುಡ್ಡು ಕೀಳುವುದನ್ನೇ ಕಸುಬು ಮಾಡಿಕೊಂಡವರು ಇದ್ದಾರೆ, ಅವರಿಂದ ನಮ್ಮೆಲ್ಲರ ಹೆಸರೂ ಹಾಳು. ಉಳಿದ ಪ್ರತಿಗಳಿಗೆ ಒಂದು ಚೀಟಿ ಅಂಟಿಸುವುದು, ಮುಂದಿನ ಮುದ್ರಣದಲ್ಲಿ ಸಾಲು ಹಾಕುವುದು ಅಂತ ಒಪ್ಪಂದವಾಯಿತು. ನನಗೆ ಆದ ಖರ್ಚು: ಗೈಡಿಗೆ ಇನ್ನೂರ ಚಿಲ್ಲರೆ, ಪ್ರಿಂಟು, ಸ್ಪೀಡ್ ಪೋಸ್ಟು, ಆಟೋ ಎಲ್ಲ ಸೇರಿ ಏಳುನೂರರ ಒಳಗೆ. ಅದರಲ್ಲಿ ಆಟೋದ್ದೇ ಜಾಸ್ತಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ನನ್ನ ಲೇಖನಗಳಿಂದ ಒಂದೊಂದು ಸಾಲು ತೆಗೆದು ಉದ್ಧರಣ ಚಿಹ್ನೆಯೊಳಗಿಟ್ಟು ತಿಂಗಳಿಗೊಮ್ಮೆ ಹುಡುಕುವುದು. ಕನ್ನಡದಲ್ಲಿ ಇದು ಕೈಕೊಡುತ್ತದೆ, ಯಾಕೆಂದರೆ 'ವೆಬ್‌ಸೈಟ್'ನಂಥ ಪದಗಳ ನಡುವೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ನಕಲು ಮಾಡುವಾಗ ಉದುರಿಹೋದರೆ ಹುಡುಕಾಟಕ್ಕೆ ಸಿಗಲ್ಲ. ಅಂಥ ಪದ ಇಲ್ಲದ ಸಾಲು ಆರಿಸಿ. ಯಾವ ಥರದ ಸಾಲು ಬೇಗ ಸಿಗುತ್ತದೆ ಅಂತ ಇಲ್ಲಿ ಹೇಳಲ್ಲ, ಕದಿಯುವವರೂ ಓದುತ್ತಾರೆ. ನಕಲು ಸಿಕ್ಕ ತಕ್ಷಣ ಆ ಪುಟವನ್ನು, ವೆಬ್ ಪುಟಗಳ ಹಳೆ ಪ್ರತಿ ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ, ಪತ್ರ ಆಮೇಲೆ. ಎಷ್ಟೋ ಸಲ ಪತ್ರ ತಲುಪಿದ ಕೂಡಲೇ ಪುಟ ಮಾಯ.

ವಿಕಿಪೀಡಿಯದ ಚಿತ್ರಭಂಡಾರ ಕಾಮನ್ಸ್‌ಗೆ ಹಾಕಿದ ನನ್ನ ಕೆರೆ ಫೋಟೋಗಳದ್ದು ಬೇರೆಯೇ ಕಥೆ. ಅವನ್ನು ಬಳಸುವವರು ಕೆಳಗೆ 'ಸಂಗ್ರಹ ಚಿತ್ರ' ಅಂತ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಇದೇ ಪತ್ರ ಕಳಿಸಿದ್ದರಲ್ಲಿ ಹತ್ತಕ್ಕೆ ಆರು ಕಡೆ ಹೆಸರು ಬಂದಿರಬಹುದು.

ಈಗ ಒಂದು ಯೂಟ್ಯೂಬ್ ಚಾನೆಲ್ ಹಿಂದೆ ಬಿದ್ದಿದ್ದೇನೆ. ನಮ್ಮ ಲೇಖನಗಳನ್ನು ಯಂತ್ರದ ದನಿಯಲ್ಲಿ ಓದಿಸುತ್ತಾರೆ, "ಬ್ರಾಕೆಟ್ ಮೂರು" ಅಂತ ಕೂಡ. ವಿವರಣೆಯ ಜಾಗಕ್ಕೆ ಹಾಕಬೇಕಾದ ಸಾಲು ಕಳಿಸಿದ್ದೇನೆ, 30 ದಿನ ಇನ್ನೂ ಮುಗಿದಿಲ್ಲ.