ಗುಡಿಯ ಚಿತ್ರಕ್ಕೆ ಮೊದಲು ಹೆಸರು, ಆಮೇಲೆ ಬೆಳಕು

ಮಂಡ್ಯ ಜಿಲ್ಲೆಯಲ್ಲಿ ಹೊಯ್ಸಳರ ಗುಡಿಗಳಿಗೆ ಬರವಿಲ್ಲ. ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ, ಬಸರಾಳು, ನಾಗಮಂಗಲ. ಪಕ್ಕದ ಮೈಸೂರು ಜಿಲ್ಲೆಗೆ ಕಾಲಿಟ್ಟರೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸೋಮನಾಥಪುರ. ರಜೆ ಸಿಕ್ಕಾಗಲೆಲ್ಲ ಮಂಡ್ಯದಿಂದ ಹೊರಟು ಇವುಗಳ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಹೊಸಹೊಳಲಿನ ಗೋಡೆಯಲ್ಲೂ ಸೋಮನಾಥಪುರದ ಗೋಡೆಯಲ್ಲೂ ಕೆಳಗಿನಿಂದ ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ, ಹೀಗೆ ಪಟ್ಟಿಕೆಗಳ ಸಾಲು. ಕಂಪ್ಯೂಟರಿನಲ್ಲಿ ಎಲ್ಲವೂ ಒಟ್ಟಿಗೆ ಸೇರಿದರೆ ಯಾವ ಆನೆ ಯಾವ ಊರಿನದೆಂದು ತೆಗೆದವರಿಗೇ ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ಚಿತ್ರ ತಿದ್ದುವುದಕ್ಕಿಂತ ಮೊದಲು ಚಿತ್ರ ಜೋಡಿಸಿಡುವುದನ್ನು ಕಲಿತೆ. ಇವತ್ತಿಗೂ ಎರಡರಲ್ಲಿ ದೊಡ್ಡ ಕೆಲಸ ಅದೇ ಎನ್ನುತ್ತೇನೆ.

ಜೋಡಿಸಲು ಡಿಜಿಕ್ಯಾಮ್, ತಿದ್ದಲು ಡಾರ್ಕ್‌ಟೇಬಲ್ ಬಳಸುತ್ತೇನೆ. ಎರಡೂ ಮುಕ್ತ ತಂತ್ರಾಂಶಗಳು, ಹಣ ಕೊಡಬೇಕಿಲ್ಲ.

ಫೋಲ್ಡರಿನ ಹೆಸರು ಸರಳವಾಗಿದ್ದಷ್ಟೂ ಒಳ್ಳೆಯದು: ವರ್ಷ, ತಿಂಗಳು, ದಿನ, ಊರು. ವರ್ಷ ಮೊದಲು ಬಂದರೆ ಕಂಪ್ಯೂಟರ್ ತಾನಾಗಿಯೇ ಕಾಲಕ್ರಮದಲ್ಲಿ ಸಾಲುಗೂಡಿಸುತ್ತದೆ. ಕ್ಯಾಮೆರಾ ಕೊಟ್ಟ ಅರ್ಥವಿಲ್ಲದ ಕಡತದ ಹೆಸರುಗಳನ್ನು ಡಿಜಿಕ್ಯಾಮ್‌ನಲ್ಲಿ ಒಟ್ಟಿಗೆ ಆರಿಸಿ ಎಫ್2 ಒತ್ತಿ, ತೆಗೆದ ದಿನಾಂಕ ಮತ್ತು ಊರು ಬರುವಂತೆ ಒಮ್ಮೆಗೇ ಬದಲಾಯಿಸಬಹುದು. ಕ್ಯಾಮೆರಾದ ಗಡಿಯಾರ ಹಿಂದೆಮುಂದೆ ಇದ್ದರೆ ಸಮಯ ಸರಿಪಡಿಸುವ ಸಾಧನವೂ ಅದರಲ್ಲೇ ಇದೆ. ಹೆಸರು ಬದಲಾಯಿಸುವ ಮೊದಲೇ ಅದನ್ನು ಮುಗಿಸಿಕೊಳ್ಳಬೇಕು.

ಇನ್ನು ಚಿತ್ರ ಹುಡುಕಲು ನೆರವಾಗುವ ಗುರುತುಪದಗಳು (ಟ್ಯಾಗ್). ಇವನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ, ಬೇರೆಯವರೂ ಹಾಗೆಯೇ ಬರೆಯಲಿ ಎಂಬ ಆಸೆ ನನ್ನದು. ಡಿಜಿಕ್ಯಾಮ್‌ನಲ್ಲಿ ಪದಗಳನ್ನು ಒಂದರೊಳಗೊಂದು ಇಡಬಹುದು. ‘ಸ್ಥಳ’ದ ಕೆಳಗೆ ಜಿಲ್ಲೆ, ತಾಲ್ಲೂಕು, ಊರು, ‘ಭಾಗ’ದ ಕೆಳಗೆ ಅಧಿಷ್ಠಾನ (ಗುಡಿಯ ತಳಪಾಯದ ಭಾಗ), ಭಿತ್ತಿ (ಗೋಡೆ), ನವರಂಗ (ಒಳಗಿನ ಮಂಟಪ), ಭುವನೇಶ್ವರಿ (ಒಳಛಾವಣಿಯ ಕೆತ್ತನೆ), ‘ಶಿಲ್ಪ’ದ ಕೆಳಗೆ ವೇಣುಗೋಪಾಲ, ನರಸಿಂಹ, ಮಹಿಷಮರ್ದಿನಿ. ಹೀಗಿಟ್ಟರೆ ಕೃಷ್ಣರಾಜಪೇಟೆ ತಾಲ್ಲೂಕಿನ ವೇಣುಗೋಪಾಲರನ್ನೆಲ್ಲ ಒಂದೇ ಪರದೆಯಲ್ಲಿ ನೋಡಬಹುದು.

ಕನ್ನಡದಲ್ಲಿ ಬರೆಯುವವರು ಒಂದು ವಿಷಯ ತಿಳಿದಿರಬೇಕು. ಚಿತ್ರದ ಕಡತದೊಳಗೆ ಇಂಥ ಮಾಹಿತಿ ಬರೆಯಲು ಐಪಿಟಿಸಿ ಎಂಬ ಹಳೆಯ ಪದ್ಧತಿಯೊಂದಿದೆ, ಎಕ್ಸ್‌ಎಂಪಿ ಎಂಬ ಹೊಸದೊಂದಿದೆ. ಹಳೆಯದರಲ್ಲಿ ಒಂದು ಗುರುತುಪದಕ್ಕೆ 64 ಬೈಟ್ ಜಾಗ ಮಾತ್ರ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಪ್ರತಿಯೊಂದಕ್ಕೂ ಮೂರು ಬೇಕು. ‘ಹೊಸಹೊಳಲು ಲಕ್ಷ್ಮೀನಾರಾಯಣ’ ಎಂಬಷ್ಟಕ್ಕೇ 64 ತುಂಬಿಹೋಗುತ್ತದೆ, ‘ದೇವಾಲಯ’ಕ್ಕೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಊರು ಬೇರೆ, ದೇವರು ಬೇರೆ, ಚಿಕ್ಕ ಚಿಕ್ಕ ಪದಗಳಾಗಿ ಕೊಡುತ್ತೇನೆ. ಉದ್ದದ ವಿವರಣೆ ಎಕ್ಸ್‌ಎಂಪಿಗೆ ಹೋಗುತ್ತದೆ. ಅಲ್ಲಿ ಈ ಇಕ್ಕಟ್ಟಿಲ್ಲ. ಬರೆದದ್ದು ಡಿಜಿಕ್ಯಾಮ್‌ನ ದತ್ತಸಂಚಯದಲ್ಲಿ ಮಾತ್ರ ಉಳಿಯದೆ ಚಿತ್ರದೊಳಗೂ, ರಾ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಕಚ್ಚಾ) ಕಡತವಾದರೆ ಅದರ ಪಕ್ಕದ ಎಕ್ಸ್‌ಎಂಪಿ ಕಡತಕ್ಕೂ ಹೋಗುವಂತೆ ಸೆಟ್ಟಿಂಗ್‌ನಲ್ಲಿ ಆಯ್ಕೆ ಮಾಡಿಟ್ಟುಕೊಳ್ಳಬೇಕು. ನಾಳೆ ತಂತ್ರಾಂಶ ಬದಲಾದರೂ ಹೆಸರು ಚಿತ್ರದ ಜೊತೆಗೇ ಇರುತ್ತದೆ.

ಪುಸ್ತಕದಲ್ಲಿ ಸಿಗದ ಹೆಸರುಗಳೂ ಇವೆ. ಊರ ಹೊರಗಿನ ವೀರಗಲ್ಲಿನ ಮುಂದೆ ಯಾರಾದರೂ ಹಿರಿಯರು ಕಂಡರೆ, “ಅಜ್ಜಿ, ಈ ಕಲ್ಲನ್ನು ಏನೆಂದು ಕರೆಯುತ್ತೀರಿ?” ಎಂದು ಕೇಳುತ್ತೇನೆ. ಶಾಸ್ತ್ರದ ಹೆಸರಿನ ಪಕ್ಕದಲ್ಲೇ ಅವರು ಹೇಳಿದ ಹೆಸರನ್ನೂ ಸೇರಿಸುತ್ತೇನೆ. ಆ ಹೆಸರು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ತಿದ್ದುವ ಕೆಲಸಕ್ಕೆ ಬರೋಣ. ಜೆಪೆಗ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. 14 ಬಿಟ್‌ನ ರಾ ಕಡತದಲ್ಲಿ 16,384. ಬಿಸಿಲಿನ ಅಂಗಳ, ಕತ್ತಲೆಯ ನವರಂಗ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವ ನಮ್ಮ ಗುಡಿಗಳಿಗೆ ರಾ ಕಡತವೇ ಸರಿ. ಡಾರ್ಕ್‌ಟೇಬಲ್ ಮೂಲ ಚಿತ್ರವನ್ನು ಮುಟ್ಟುವುದೇ ಇಲ್ಲ. ಮಾಡಿದ ಬದಲಾವಣೆಗಳನ್ನು ಪಕ್ಕದ ಕಡತದಲ್ಲಿ ಬರೆದಿಡುತ್ತದೆ. ಧೈರ್ಯವಾಗಿ ಪ್ರಯೋಗ ಮಾಡಬಹುದು.

ಸೋಮನಾಥಪುರದ ಹಲವು ವಿಗ್ರಹಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಅಂಕಿತವಿದೆ. ಅಕ್ಷರಗಳು ಚಿಕ್ಕವು, ಸವೆದಿವೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ತೆಗೆದರೆ ಗೀರಿನೊಳಗೆ ನೆರಳು ನಿಲ್ಲುತ್ತದೆ. ನೆತ್ತಿಯ ಬಿಸಿಲಿನಲ್ಲಿ ತೆಗೆದದ್ದನ್ನು ಯಾವ ತಂತ್ರಾಂಶವೂ ಓದಿಸಲಾರದು. ಮೊದಲು ಎಕ್ಸ್‌ಪೋಶರ್ (ಚಿತ್ರದ ಒಟ್ಟು ಬೆಳಕು) ಸರಿಮಾಡುತ್ತೇನೆ. ಆಮೇಲೆ ಪೀಠದ ಸುತ್ತ ಮಾಸ್ಕ್ ಎಳೆದು, ಅಷ್ಟು ಜಾಗಕ್ಕೆ ಮಾತ್ರ ಲೋಕಲ್ ಕಾಂಟ್ರಾಸ್ಟ್ (ಅಕ್ಕಪಕ್ಕದ ಬೆಳಕು-ನೆರಳಿನ ಅಂತರ) ಹೆಚ್ಚಿಸುತ್ತೇನೆ. ಕಲ್ಲಿನ ಬೂದು ಎರಡಾಗಿ ಒಡೆಯುತ್ತದೆ: ಗೀರು ಕಪ್ಪಗೆ, ಮೈ ತಿಳಿಯಾಗಿ. ‘ಮ’ದ ಕೊಂಬು ಎಲ್ಲಿ ಮುಗಿಯಿತು, ಒತ್ತು ಎಲ್ಲಿ ಶುರುವಾಯಿತು ಎಂಬುದು ಆಗ ಕಾಣುತ್ತದೆ. ಇನ್ನೂ ಎಳೆದರೆ ಕಲ್ಲಿನ ಸಹಜ ಒರಟುತನವೂ ಅಕ್ಷರದಂತೆ ಕಾಣತೊಡಗುತ್ತದೆ, ಅದಕ್ಕೂ ಮೊದಲು ಕೈ ತೆಗೆಯಬೇಕು.

ಬಣ್ಣದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬಳಪದ ಕಲ್ಲಿಗೆ ತನ್ನದೇ ಆದ ಹಸಿರು ಬೆರೆತ ಬೂದು ಇದೆ. ಅದಕ್ಕೆ ಹೊನ್ನಿನ ಹೊಳಪು ಬಳಿಯುವುದು, ಮುರಿದ ಆನೆಯ ಸೊಂಡಿಲನ್ನು ತಂತ್ರಾಂಶದಿಂದ ಜೋಡಿಸುವುದು, ಬಿರುಕು ಅಳಿಸುವುದು ನನಗೆ ಒಪ್ಪಿಗೆಯಿಲ್ಲ. ಇವು ದಾಖಲೆಗಳು. ವಾಲಿದಂತೆ ಕಾಣುವ ಗೋಡೆಯನ್ನು ನೆಟ್ಟಗೆ ಮಾಡುವುದು ಬೇರೆ ಮಾತು, ಏಕೆಂದರೆ ವಾಲಿದ್ದು ಗೋಡೆಯಲ್ಲ, ಮೇಲಕ್ಕೆತ್ತಿ ಹಿಡಿದ ಕ್ಯಾಮೆರಾ. ತಿರುಗಿಸುವ ಮತ್ತು ಪರ್ಸ್‌ಪೆಕ್ಟಿವ್ ಸರಿಪಡಿಸುವ ಸಾಧನದಲ್ಲಿ ಬಾಗಿಲವಾಡದ ಎರಡು ಅಂಚುಗಳಿಗೆ ಗೆರೆ ಎಳೆದರೆ ಸಾಕು. ಕಡೆದ ದುಂಡು ಕಂಬದ ಅಂಚನ್ನು ನಂಬಬಾರದು. ಅದರ ದಪ್ಪ ಒಂದೇ ಸಮನಿರುವುದಿಲ್ಲ.

ಕೊನೆಗೆ ಕಳುಹಿಸುವ ಕೆಲಸ. ಶಾಲೆಯ ಮೇಷ್ಟ್ರುಗಳು, ಇತಿಹಾಸದ ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ವಾಟ್ಸ್‌ಆಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಒಳಗೆ ಬರೆದ ಮಾಹಿತಿಯೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಊರು, ದೇವರು, ದಿನಾಂಕ ಎಲ್ಲವೂ ಹಾಗೆಯೇ ತಲುಪುತ್ತವೆ. “ಸರ್, ಡೌನ್‌ಲೋಡ್ ಮಾಡಿದ ಮೇಲೆ ಕಡತದ ವಿವರ ತೆರೆದು ನೋಡಿ” ಎಂದು ಕೆಳಗೊಂದು ಸಾಲು ಬರೆಯುತ್ತೇನೆ.